ಅವನ ಬಟ್ಟಲಿನ ಕಬ್ಬು

ಪುಸ್ತಿಕೆಯ ಹನ್ನೊಂದನೇ ಪುಟದಲ್ಲಿ ಕಬ್ಬು ಇತ್ತು.

ಅಂದು ಗ್ರಂಥಾಲಯಕ್ಕೆ ಎರಡು ಪೆಟ್ಟಿಗೆ ಬಂದಿದ್ದವು. ಒಂದರಲ್ಲಿ ಶಾಲಾ ಮಕ್ಕಳ ಪುಸ್ತಕಗಳು. ಇನ್ನೊಂದರಲ್ಲಿ ಒಂದೇ ಪುಸ್ತಿಕೆಯ ಐವತ್ತು ಪ್ರತಿಗಳು. ನುಣುಪು ಕಾಗದ, ಮುಖಪುಟದ ಮೇಲೆ ಕೆಂಪು ಸಿಗಡಿ. 'ತೋಮ್ ಯಮ್ ಕುಂಗ್: ಲೋಕ ಮೆಚ್ಚಿದ ನಮ್ಮ ಸಾರು.' ತಾ ಚೀನ್ ನದಿಯ ಉದ್ದಕ್ಕೂ ಇರುವ ಎಲ್ಲ ಗ್ರಂಥಾಲಯಗಳಿಗೂ ಉಚಿತವಾಗಿ ಹಂಚುತ್ತಿದ್ದರು. ನಾನು ಒಂದೊಂದಕ್ಕೂ ಮುದ್ರೆ ಒತ್ತುತ್ತ ಹೋದೆ. ಮುದ್ರೆಯನ್ನು ಮೊದಲ ಪುಟದಲ್ಲಿ ಒತ್ತಬೇಕು, ಮತ್ತೆ ಒಳಗಿನ ಒಂದು ಗುಟ್ಟಿನ ಪುಟದಲ್ಲಿ. ಕದ್ದವರು ಮೊದಲ ಪುಟ ಹರಿದು ಬಿಸಾಡಿದರೂ ಪುಸ್ತಕ ನಮ್ಮದೆಂದು ಗೊತ್ತಾಗಲಿ ಎಂದು. ನಮ್ಮ ಗ್ರಂಥಾಲಯದ ಗುಟ್ಟಿನ ಪುಟ ಹನ್ನೊಂದು.

'ಹೊಳೆ ಸಿಗಡಿ, ಆರು. ಮಜ್ಜಿಗೆ ಹುಲ್ಲು, ಮೂರು ಕಡ್ಡಿ. ಕಾಡುನಿಂಬೆಯ ಎಲೆ, ಐದು. ಬೆರಳುದ್ದದ ಕಬ್ಬಿನ ತುಂಡು ಮೂರು, ಒಂದು ಕಡೆ ಮಾತ್ರ ಸಿಪ್ಪೆ ಹೆರೆದದ್ದು.'

ಕೆಳಗೆ ಟಿಪ್ಪಣಿ. 'ನದಿ ದಂಡೆಯ ಹಿರಿಯರು ತಲೆತಲಾಂತರದಿಂದ ಈ ಸಾರಿಗೆ ಕಬ್ಬು ಹಾಕುತ್ತ ಬಂದಿದ್ದಾರೆ. ಹುಳಿಯ ಮೊನಚನ್ನು ಅದು ತಗ್ಗಿಸುತ್ತದೆ. ಒಂದು ಕಡೆ ಸಿಪ್ಪೆ ಉಳಿಸುವುದು ರಸ ಒಮ್ಮೆಲೇ ಹೊರಗೆ ಬರದಿರಲಿ ಎಂದು. ಇದು ಅವರ ಸೂಕ್ಷ್ಮ ವಿಜ್ಞಾನ.'

ಪಕ್ಕದಲ್ಲಿ ಒಬ್ಬ ಹೆಂಗಸಿನ ಚಿತ್ರ. ಇಸ್ತ್ರಿ ಮಾಡಿದ ರವಿಕೆ, ಕೈಯಲ್ಲಿ ಸೌಟು, ಬಾಯಿ ತುಂಬ ನಗೆ. ಹೆಸರು ಸೋಂಪಿತ್, ಪರಂಪರೆಯ ವಾರಸುದಾರೆ. ನಾನು ಅವಳನ್ನು ಎಂದೂ ನೋಡಿರಲಿಲ್ಲ.

ಸಿಪ್ಪೆ ಉಳಿಸಿದ್ದು ವಿತೂನ್ ಹಿಡಿದುಕೊಳ್ಳಲಿ ಎಂದು. ಆರು ವರ್ಷದ ಹುಡುಗನ ಬೆರಳು ಅಂಟಾಗದಿರಲಿ ಎಂದು. ಬೇರೆ ಯಾವ ವಿಜ್ಞಾನವೂ ಅದರಲ್ಲಿ ಇರಲಿಲ್ಲ.

ಉಳಿದ ಪ್ರತಿಗಳಿಗೂ ಮುದ್ರೆ ಒತ್ತಿದೆ. ಕೊನೆಯ ಪುಟದಲ್ಲಿ ಸಂಪಾದಕರ ಹೆಸರಿತ್ತು. ಪಾರಿಚಾತ್. ಅದನ್ನೂ ಓದಿದೆ. ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡೆ.

ವಿತೂನ್ ನನ್ನ ಗಂಡ. ಊಟದ ಅಂಗಡಿಗಳಿಗೆ ಮಂಜುಗಡ್ಡೆ ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಹೆದ್ದಾರಿಯಲ್ಲಿ ಲಾರಿ ಬಡಿಯಿತು. ವ್ಯಾನಿನ ಮಂಜು ಕರಗುವುದಕ್ಕೆ ಮೊದಲೇ ಎಲ್ಲ ಮುಗಿದಿತ್ತು, ನೋವಾಗಿರಲಿಕ್ಕಿಲ್ಲ ಎಂದು ಪೊಲೀಸಿನವನು ಹೇಳಿದ. ಒಳ್ಳೆಯ ಮನುಷ್ಯನಿರಬೇಕು. ಅದಾದ ಮೇಲೂ ನಾನು ನನ್ನ ಅತ್ತೆ ಲಮ್ಯಾಯ್ ಅವರ ಜೊತೆಗೇ ಉಳಿದೆ. ಇರು ಎಂದು ಅವರು ಹೇಳಲಿಲ್ಲ, ಹೋಗುತ್ತೇನೆ ಎಂದು ನಾನೂ ಹೇಳಲಿಲ್ಲ.

ಕಬ್ಬಿನ ಕತೆಯನ್ನು ಅತ್ತೆ ಮದುವೆಯ ಹೊಸತರಲ್ಲೇ ಹೇಳಿದ್ದರು.

"ಟೈಫಾಯ್ಡ್ ಬಂದಿತ್ತು ಇವನಿಗೆ. ಹದಿನಾರು ದಿನ. ಗಂಜಿ ಕುಡಿಯಲ್ಲ, ಹಣ್ಣು ಮುಟ್ಟಲ್ಲ. ಬಾಯಿ ತೆರೆದ್ರೆ ಅಳೋದಕ್ಕೆ ಮಾತ್ರ. ಹಿತ್ತಲಲ್ಲಿ ಕಬ್ಬಿತ್ತು. ಮೂರು ತುಂಡು ಕಡಿದು ಸಾರಿಗೆ ಹಾಕ್ದೆ. ಸಿಹಿ ಅಂತ ಚೀಪ್ತಾ ಚೀಪ್ತಾ ಸಾರೂ ಒಳಗೆ ಹೋಯ್ತು. ಬದುಕ್ದ. ಬದುಕಿದ್ಮೇಲೆ ಬಿಡ್ಬೇಕೋ ಬೇಡ್ವೋ? ಬಿಡ್ಲಿಲ್ಲ ಕಳ್ಳ."

ಅಂದಿನಿಂದ ಮನೆಯಲ್ಲಿ ಎರಡು ಪಾತ್ರೆ. ದೊಡ್ಡದು ಎಲ್ಲರಿಗೆ. ಇದ್ದಿಲು ಒಲೆಯ ಅಂಚಿಗೆ ಇನ್ನೊಂದು ಸಣ್ಣದು, ವಿತೂನ್‌ನ ಬಟ್ಟಲಿಗೆ ಮಾತ್ರ. ಅವನಿಗೆ ಮೂವತ್ತೆರಡಾದರೂ ಅದು ತಪ್ಪಲಿಲ್ಲ. ನನಗೂ ಒಂದು ತುಂಡು ಹಾಕಿ ಎಂದು ಒಮ್ಮೆ ಕೇಳಿದ್ದೆ.

"ನಿನಗೂ ಟೈಫಾಯ್ಡ್ ಬರ್ಲಿ ತಡಿ, ಹಾಕ್ತೀನಿ" ಎಂದರು ಅತ್ತೆ.

ವಿತೂನ್ ಎಲುಬು ಕಚ್ಚುವ ನಾಯಿಯ ಹಾಗೆ ಬಟ್ಟಲಿಗೆ ಕೈ ಅಡ್ಡ ಹಿಡಿದ. ಅತ್ತೆ ಆಚೆ ತಿರುಗಿದ ಮೇಲೆ, ತಾನು ಅರ್ಧ ಅಗಿದದ್ದನ್ನು ನನ್ನ ಅನ್ನದ ಮೇಲೆ ಇಟ್ಟ. ಹುಳಿ, ಖಾರ, ಮಜ್ಜಿಗೆ ಹುಲ್ಲಿನ ವಾಸನೆ, ಎಲ್ಲದರ ಕೆಳಗೆ ಎಲ್ಲೋ ಸಿಹಿ. ನಾನು ಅದನ್ನು ತಿಂದದ್ದು ಅದೊಂದೇ ಸಲ.

ದಹನದ ದಿನ ಬಂದವರಿಗೆ ಕೊಡಲು ಪುಸ್ತಕ ಮಾಡಿಸುವುದು ನಮ್ಮಲ್ಲಿ ಇರುವುದೇ. ಸತ್ತವರ ಚಿತ್ರ, ಹುಟ್ಟಿದ ದಿನ, ನಾಲ್ಕು ಒಳ್ಳೆಯ ಮಾತು, ಜೊತೆಗೆ ಓದುವವರಿಗೆ ಪ್ರಯೋಜನವಾಗುವಂಥದ್ದು ಏನಾದರೂ. ಕೆಲವರು ಸೂತ್ರಗಳನ್ನು ಹಾಕಿಸುತ್ತಾರೆ. ಬಹಳ ಮನೆಗಳವರು ಅಡುಗೆಯನ್ನು ಹಾಕಿಸುತ್ತಾರೆ. ಅದನ್ನು ನೋಡಿ ಯಾರು ಬೇಯಿಸಿ ಉಂಡರೂ ಪುಣ್ಯ ಸತ್ತವರಿಗೆ ಸೇರುತ್ತದೆ. ವಿತೂನ್‌ನ ಬಗ್ಗೆ ಬರೆಯಲು ಕೂತಾಗ ನನಗೆ ಎಂಟು ಸಾಲಿಗಿಂತ ಹೆಚ್ಚು ಬರಲಿಲ್ಲ. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಇತಿಹಾಸ ಓದಿದವಳು ನಾನು. ಎಂಟು ಸಾಲು.

ಹಾಗಾಗಿ ಅತ್ತೆಯ ಅಡುಗೆಗಳನ್ನು ಕೇಳಿ ಬರೆದುಕೊಂಡೆ. ತೋಮ್ ಯಮ್‌ಗೆ ಬಂದಾಗ ಅವರು ಹೇಳಿದರು, "ದೊಡ್ಡ ಪಾತ್ರೇದು ಬರಿ. ಸಣ್ಣದು ಬೇಡ."

"ಸಣ್ಣದೇ ಅಲ್ವಾ ಅವರದು? ಅವರ ಪುಸ್ತಕದಲ್ಲಿ ಅವರದು ಇರ್ಬೇಕು."

"ಅದೇ ಕಣೇ ಬೇಡ ಅನ್ನೋದು. ನಾಳೆ ನಾನು ಭಿಕ್ಷುಗಳಿಗೆ ಕೊಡ್ತೀನಿ, ಅದು ಇವನಿಗೆ ಮುಟ್ಬೇಕು. ಅಲ್ಲಿ ಸತ್ತೋರು ಸಾವಿರಾರು ಜನ ಕೂತಿರ್ತಾರೆ, ಸಾವಿರಾರು ಬಟ್ಟಲು ಬರತ್ತೆ. ತನ್ನದು ಯಾವ್ದು ಅಂತ ಇವನಿಗೆ ಹೇಗೆ ಗೊತ್ತಾಗ್ಬೇಕು? ಕಬ್ಬು ನೋಡಿ ಗೊತ್ತಾಗತ್ತೆ. ಚಿಕ್ಕಂದಿನಿಂದ್ಲೂ ಇವನು ಮುಖ ನೋಡೋನಲ್ಲ, ಬಟ್ಟಲು ನೋಡೋನು."

"ಬರೋರು ಮುನ್ನೂರು ಜನ. ಎಲ್ಲಾ ನಮ್ಮೋರೇ. 'ವಿತೂನ್‌ನ ಬಟ್ಟಲಿಗೆ ಮಾತ್ರ' ಅಂತ ಸ್ಪಷ್ಟವಾಗಿ ಬರೀತೀನಿ. ಯಾರೂ ಮಾಡಲ್ಲ ಅಮ್ಮ."

ಅತ್ತೆ ನನ್ನನ್ನೇ ನೋಡಿದರು. ನಾನು ಮೂರು ದಿನದಿಂದ ತಲೆ ಬಾಚಿರಲಿಲ್ಲ. ಅದಕ್ಕೇ ಒಪ್ಪಿದರೇನೋ.

"ಓದಿದೋಳು ನೀನು. ನೋಡ್ಕೊಂಡು ಬರಿ" ಎಂದರು.

ಪುಸ್ತಕ ಅಚ್ಚು ಹಾಕಿಸಿದ್ದು ಪಾರಿಚಾತ್ ಅಕ್ಕ. ಅವಳು ವಿಶ್ವವಿದ್ಯಾಲಯದಲ್ಲಿ ನನಗಿಂತ ಒಂದು ವರ್ಷ ಮುಂದೆ ಇದ್ದಳು. ನನ್ನ ವಿದ್ಯಾರ್ಥಿ ಸಂಖ್ಯೆಯ ಕೊನೆಯ ಮೂರು ಅಂಕಿ ಸೊನ್ನೆ ನಾಲ್ಕು ಏಳು. ಹಿಂದಿನ ವರ್ಷ ಅದೇ ಅಂಕಿ ಇದ್ದವರು ನಮಗೆ ಅಕ್ಕ ಆಗಬೇಕು. ಆರಿಸಿಕೊಳ್ಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಅವಳು ತನ್ನ ಹಳೆಯ ಟಿಪ್ಪಣಿಗಳನ್ನು ಕೊಟ್ಟಳು, ಪರೀಕ್ಷೆಯ ದಿನ ಊಟ ಕೊಡಿಸಿದಳು, ಮೊದಲ ವರ್ಷ ಜ್ವರ ಬಂದಾಗ ನನ್ನ ಕೋಣೆಯಲ್ಲೇ ಮಲಗಿದಳು. ವಿತೂನ್ ಸತ್ತಾಗ ಬ್ಯಾಂಕಾಕಿನಿಂದ ಬಂದು ಏಳೂ ದಿನ ಇದ್ದಳು. ಹೂವಿನವರು, ವಿಹಾರದ ಮಂಟಪ, ಭಿಕ್ಷುಗಳ ಪಠಣ, ಬಂದವರ ಊಟ, ಎಲ್ಲವನ್ನೂ ಅವಳೇ ನೋಡಿಕೊಂಡಳು. ಸಹಿ ಹಾಕಬೇಕಾದ ಕಡೆ ಬೆರಳು ಇಟ್ಟು ತೋರಿಸುತ್ತಿದ್ದಳು. ನಾನು ಹಾಕುತ್ತಿದ್ದೆ.

ವಿತೂನ್ ಹೋದ ನಾಲ್ಕು ತಿಂಗಳಿಗೆ ಸಾರಿಗೆ ಲೋಕದ ಮಾನ್ಯತೆ ಬಂತು. ಎಲ್ಲ ದೇಶಗಳೂ ಸೇರಿ ಪಟ್ಟಿ ಮಾಡುತ್ತವಂತೆ, ಅದರಲ್ಲಿ ನಮ್ಮದೂ ಸೇರಿತು. ಎದುರು ದಂಡೆಯ ಸಮ್ಲಿ ಚಿಕ್ಕಮ್ಮ ದೋಣಿ ಕಟ್ಟುವ ಮೊದಲೇ ಕೂಗಿದ್ದರು.

"ಲಮ್ಯಾಯ್ ಅಕ್ಕಾ! ನಿನ್ನ ಸಾರನ್ನ ಲೋಕ ಎಲ್ಲಾ ಒಪ್ಕೊಂಡ್ತಂತೆ! ಇನ್ಮೇಲೆ ವೀಸಾ ಇಲ್ದೆ ಎಲ್ಲಿಗೆ ಬೇಕಾದ್ರೂ ಹೋಗತ್ತೆ!"

"ಇಷ್ಟು ದಿನ ಒಪ್ಪಿರ್ಲಿಲ್ವಾ? ಮತ್ತೆ ಏನಂತ ತಿಂತಿದ್ರು?"

"ಇವಳಿಗೆ ಸಂತೋಷ ಪಡೋಕೂ ಬರಲ್ಲ. ಟೀವೀಲಿ ಹೇಳ್ತಿದ್ರು, ಸಾಫ್ಟ್ ಪವರ್ ಅಂತೆ. ಬಂದೂಕಿಲ್ದೆ ಸಾರಲ್ಲೇ ಗೆಲ್ಲೋದಂತೆ."

"ಹಾಲು ಸುರೀತಾರಲ್ಲ, ಆ ಸಾರಲ್ಲಾ? ಅದರಲ್ಲಿ ಗೆದ್ರೆ ಸೋತೋರು ಪಾಯಸ ಅಂದ್ಕೊಂಡು ಕುಡೀತಾರೆ."

ಅಂದು ಅತ್ತೆ ನಕ್ಕಿದ್ದರು. ನಾಲ್ಕು ತಿಂಗಳಲ್ಲಿ ಅದೇ ಮೊದಲು. ಆ ಕಾರಣಕ್ಕೆ ನನಗೆ ಆ ಪಟ್ಟಿಯ ಮೇಲೆ ಯಾವ ಸಿಟ್ಟೂ ಇಲ್ಲ. ಪಟ್ಟಿ ಮಾಡಿದವರಿಗೆ ಕಬ್ಬು ಗೊತ್ತಿರಲೂ ಇಲ್ಲ. ಕಬ್ಬು ಸೇರಿದ್ದು ಆಮೇಲೆ, ಈ ಪುಸ್ತಿಕೆಯಲ್ಲಿ. ಮಾನ್ಯತೆಯ ಹಿಂದೆಯೇ ಮೇಳ, ಪ್ರದರ್ಶನ ಏರ್ಪಡಿಸುವ ಹತ್ತಾರು ಖಾಸಗಿ ಸಂಸ್ಥೆಗಳು ಹುಟ್ಟಿಕೊಂಡವು. ಪಾರಿಚಾತ್ ಅಕ್ಕ ಅಂಥ ಒಂದಕ್ಕೆ ಸೇರಿದ್ದಳು.

ಚೀಲದಲ್ಲಿದ್ದ ಪುಸ್ತಿಕೆಯನ್ನು ಮನೆಯಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ. ವಿತೂನ್‌ನ ಎರಡನೇ ವರ್ಷದ ಪುಣ್ಯದಿನಕ್ಕೆ ಹನ್ನೆರಡು ದಿನ ಉಳಿದಿತ್ತು. ಅಷ್ಟರೊಳಗೆ ಅಕ್ಕನನ್ನು ಕಂಡು ಆ ಪುಟವನ್ನು ತೆಗೆಸಬೇಕು, ಅತ್ತೆಗೆ ಗೊತ್ತಾಗಬಾರದು ಎಂದುಕೊಂಡೆ. ಎರಡು ದಿನವೂ ಆಗಲಿಲ್ಲ.

ಸಮ್ಲಿ ಚಿಕ್ಕಮ್ಮ ಮೊಬೈಲ್ ಹಿಡಿದುಕೊಂಡು ಬಂದರು. ಅತ್ತೆ ನದಿಯ ಮೆಟ್ಟಿಲ ಮೇಲೆ ಕೂತು ಸಿಗಡಿಯ ಮೀಸೆ ಕತ್ತರಿಸುತ್ತಿದ್ದರು.

"ಅಕ್ಕಾ, ನೋಡಿಲ್ಲಿ. ಯಾವನೋ ನಟ, ಮುಖ ನೋಡು ಬೇಯಿಸಿದ ಮೊಟ್ಟೆ ಹಾಗಿದೆ, ತೋಮ್ ಯಮ್‌ನಿಂದ ಕಬ್ಬು ತೆಗೆದು ಚೀಪ್ತಿದಾನೆ! ಈಗ ಎಲ್ಲಾರೂ ಹೀಗೇ ಮಾಡ್ತಾರಂತೆ. ನಮ್ಮ ವಿತೂನ್ ಅಲ್ವಾ ಹೀಗೆ ತಿಂತಿದ್ದಿದ್ದು? ನಾನು ಅವನಿಗೆ ಇದು ಸಾರೋ ಜ್ಯೂಸೋ ಅಂತ ರೇಗಿಸ್ತಿದ್ದೆ."

ಅತ್ತೆ ಕೈ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡರು. ದೂರ ಹಿಡಿದು ನೋಡಿದರು. ನಟ ಕಬ್ಬನ್ನು ಸಿಪ್ಪೆಯ ಕಡೆಯಿಂದ ಹಿಡಿದಿದ್ದ. ಸುತ್ತ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅದು ಮುಗಿಯಿತು. ತಾನಾಗಿಯೇ ಮತ್ತೆ ಶುರುವಾಯಿತು. ಅತ್ತೆ ಎರಡನೇ ಸಲವೂ ಪೂರ್ತಿ ನೋಡಿದರು.

"ಎಷ್ಟು ಜನ ನೋಡಿದಾರಂತೆ ಇದನ್ನ?"

"ಲಕ್ಷಗಟ್ಲೆ ಅಕ್ಕಾ! ಇಲ್ಲಿ ಕೆಳಗೆ ಬರ್ದಿದೆ ನೋಡು."

ಅತ್ತೆ ಮೊಬೈಲ್ ವಾಪಸ್ ಕೊಟ್ಟರು. ಸಿಗಡಿಯ ಕಡೆ ತಿರುಗಿದರು. ಸಮ್ಲಿ ಚಿಕ್ಕಮ್ಮ ನನ್ನ ಮುಖ ನೋಡಿದರು, ಏನೋ ತಪ್ಪಾಗಿದೆಯೆಂದು ಗೊತ್ತಾಗಿ ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೇನೆ ಎಂದು ಎದ್ದು ಹೋದರು.

"ಮುನ್ನೂರು ಪುಸ್ತಕ ಕೊಟ್ವಿ" ಎಂದರು ಅತ್ತೆ. "ಮುನ್ನೂರರಲ್ಲಿ ಯಾರೋ ಒಬ್ರು. ಯಾರು ಅಂತ ತಿಳ್ಕೊಂಡು ಬಾ."

"ಅಮ್ಮ, ಅದು..."

"ಬೈಯೋಕಲ್ಲ. ಇವನನ್ನ ಸುಡೋಕೆ ಅಂತ ಬಂದು, ಗಂಧದ ಹೂ ಇಟ್ಟು, ಅತ್ತು, ವಾಪಸ್ ಹೋಗೋವಾಗ ಇವನ ಬಟ್ಟಲನ್ನೇ ಎತ್ಕೊಂಡು ಹೋದೋರು ಯಾರು ಅಂತ ನೋಡ್ಬೇಕು. ಅಷ್ಟೆ."

ಮರುದಿನ ರಜೆ ಹಾಕಿ ಬ್ಯಾಂಕಾಕಿನ ವ್ಯಾನ್ ಹತ್ತಿದೆ.

ಮಾಲ್‌ನ ಕೆಳಮಹಡಿಯಲ್ಲಿ ಅಕ್ಕನ ಸಂಸ್ಥೆಯವರು ಮೇಳದ ವೇದಿಕೆ ಕಟ್ಟುತ್ತಿದ್ದರು. ನಡುವೆ ದೋಣಿಯಷ್ಟು ದೊಡ್ಡ ಪ್ಲಾಸ್ಟಿಕ್ ಸಿಗಡಿ ನೇತಾಡುತ್ತಿತ್ತು. ಪಾರಿಚಾತ್ ಅಕ್ಕ ಕತ್ತಿಗೆ ಗುರುತಿನ ಚೀಟಿ ಹಾಕಿಕೊಂಡು ಅದರ ಕೆಳಗೆ ನಿಂತಿದ್ದಳು. ನನ್ನನ್ನು ಕಂಡು ಓಡಿ ಬಂದು ತಬ್ಬಿಕೊಂಡಳು.

"ವಾನ್! ಸೊರಗಿದ್ದೀಯಲ್ಲೇ. ಊಟ ಆಯ್ತಾ? ಆಗಿರಲ್ಲ, ನನಗೆ ಗೊತ್ತು. ಬಾ."

ಸಂಖ್ಯೆಯ ಅಕ್ಕಂದಿರು ಮೊದಲು ಕೇಳುವುದು ಊಟವನ್ನೇ. ಅವಳು ಬದಲಾಗಿರಲಿಲ್ಲ. ಬದಲಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗೊಂದು ತಟ್ಟೆ ಅನ್ನ ತರಿಸಿದಳು, ತನ್ನ ತಟ್ಟೆಯ ಮೊಟ್ಟೆಯನ್ನು ಎತ್ತಿ ನನ್ನದಕ್ಕೆ ಹಾಕಿದಳು.

"ಅಕ್ಕ, ಹನ್ನೊಂದನೇ ಪುಟ."

"ನೋಡಿದ್ಯಾ? ಚೆನ್ನಾಗಿ ಬಂದಿದೆ ಅಲ್ವಾ? ಮೊದಲ ಪ್ರತಿ ನಿನಗೇ ಕಳಿಸ್ಬೇಕು ಅಂದ್ಕೊಂಡಿದ್ದೆ, ಈ ಓಡಾಟದಲ್ಲಿ..."

"ಅದು ವಿತೂನ್‌ನ ಪುಸ್ತಕದ್ದು."

"ಹೌದು" ಎಂದಳು.

ಅವಳು ಸುಳ್ಳು ಹೇಳುತ್ತಾಳೆ ಎಂದುಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವು ಯಾವುವೂ ಉಪಯೋಗಕ್ಕೆ ಬರಲಿಲ್ಲ.

"ಅದು ತಲೆತಲಾಂತರದ್ದಲ್ಲ ಅಕ್ಕ. ಇಪ್ಪತ್ತೆಂಟು ವರ್ಷದ್ದು. ಒಬ್ಬ ಹುಡುಗನ ಟೈಫಾಯ್ಡ್‌ದು."

"ಎಲ್ಲಾ ಸಂಪ್ರದಾಯಾನೂ ಯಾರದೋ ಒಬ್ಬರ ಮನೇಲಿ ಶುರುವಾಗಿದ್ದೇ. ಕ್ಲಾಸಲ್ಲಿ ಎದ್ದು ನಿಂತು ಇದನ್ನೇ ಹೇಳ್ತಿದ್ದೋಳು ನೀನು."

"ಸೋಂಪಿತ್ ಯಾರು?"

"ಪಾಪ, ಒಳ್ಳೆ ಹೆಂಗಸು. ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡ್ತಾರೆ. ನಾನು ಮೊದಲು ನಿಮ್ಮತ್ತೆ ಹತ್ರಾನೇ ಹುಡುಗರನ್ನ ಕಳಿಸಿದ್ದೆ, ಗೊತ್ತಾ ನಿನಗೆ? ನೀನು ಗ್ರಂಥಾಲಯಕ್ಕೆ ಹೋಗಿದ್ದೆ. 'ಸಿಗಡಿ ಹಿಡಿಯೋಕೆ ಬಂದಿದ್ರೆ ನೀರಿಗೆ ಇಳೀರಿ, ನನ್ನ ಹಿಡಿಯೋಕೆ ಬಂದಿದ್ರೆ ಬಂದ ದಾರಿ ಹಿಡೀರಿ' ಅಂದ್ರಂತೆ." ಅವಳು ನಕ್ಕಳು. "ಮುಖ ಇಲ್ಲದೆ ಪರಂಪರೆ ತೋರಿಸೋಕಾಗಲ್ಲ ವಾನ್. ಒಂದು ಮುಖ ಬೇಕಿತ್ತು."

"'ವಿತೂನ್‌ನ ಬಟ್ಟಲಿಗೆ ಮಾತ್ರ' ಅಂತ ಬರ್ದಿದ್ದೆ. ಆ ಸಾಲು ಎಲ್ಲಿ?"

ಅವಳು ಚಮಚ ಕೆಳಗಿಟ್ಟಳು. "ಆ ಸಾಲು ಇಟ್ರೆ ಬೇರೆ ಯಾರೂ ಮಾಡೋ ಹಾಗಿಲ್ವಲ್ಲೇ."

"ಮಾಡಬಾರದು ಅಂತಾನೇ ಬರೆದದ್ದು."

"ವಾನ್, ಕೇಳು. ತೋಮ್ ಯಮ್ ಎಲ್ಲಾರಿಗೂ ಗೊತ್ತು. ಮಜ್ಜಿಗೆ ಹುಲ್ಲು, ನಿಂಬೆ, ಮೆಣಸು, ಹೊಸದೇನಿದೆ? ಜನಕ್ಕೆ ಒಂದು ಕತೆ ಬೇಕು. ನಿನ್ನ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಒಂದು ದಿನ ತೆರೆದೆ, ಕಬ್ಬು ಕಣ್ಣಿಗೆ ಬಿತ್ತು. ನಾನು ಕದ್ದೆ ಅಂತ ಅಂದ್ಕೋಬೇಡ. ನಮ್ಮ ವಿತೂನ್‌ನ ಲೋಕಕ್ಕೇ ಬಡಿಸ್ದೆ ಅಂದ್ಕೋ. ಎಷ್ಟು ಜನ ಉಣ್ತಾರೆ, ಅಷ್ಟೂ ಪುಣ್ಯ ಅವನಿಗೆ. ನಮ್ಮ ಪದ್ಧತೀನೇ ಅದಲ್ವಾ?"

ಅದು ನಿಜ.

"ಆ ಪುಟ ತೆಗೆದುಬಿಡು ಅಕ್ಕ. ಹತ್ತು ದಿನದಲ್ಲಿ ಅವರ ಪುಣ್ಯದಿನ ಇದೆ. ಅಮ್ಮ ಬಟ್ಟಲು ಮಾಡ್ಬೇಕು. ಎಲ್ಲರ ಬಟ್ಟಲಲ್ಲೂ ಕಬ್ಬಿದ್ರೆ ವಿತೂನ್‌ಗೆ ತನ್ನದು ಗೊತ್ತಾಗಲ್ಲ."

ಹೇಳಿದ ಮೇಲೆ, ಪ್ಲಾಸ್ಟಿಕ್ ಸಿಗಡಿಯ ಕೆಳಗೆ ಆ ಮಾತು ಹೇಗೆ ಕೇಳಿಸಿತೆಂದು ನನಗೇ ತಿಳಿಯಿತು. ಅಕ್ಕ ನನ್ನ ಕೈ ಮೇಲೆ ಕೈ ಇಟ್ಟಳು. ರೋಗಿಗೆ ಇಡುವ ಹಾಗೆ.

"ನಾಲ್ಕು ಭಾಷೇಲಿ ಅಚ್ಚಾಗಿ ಹೋಗಿದೆ ವಾನ್. ರಾಯಭಾರ ಕಚೇರಿಗಳಿಗೆಲ್ಲಾ ಹೋಗಿದೆ. ಯೂರೋಪಲ್ಲಿ ಯಾರೋ ಬಾಣಸಿಗ ಕಬ್ಬಿಗೆ ಅಂತ ಬೇರೆ ತಟ್ಟೆ ಮಾಡಿಸಿದಾನೆ. ಹೇಗೆ ತೆಗೀಲಿ?" ಅವಳ ಮುಖ ತಟ್ಟನೆ ಬೆಳಗಿತು. "ಇರು, ಎರಡನೇ ಮುದ್ರಣದಲ್ಲಿ ಅವನ ಹೆಸರು ಹಾಕಿಸ್ತೀನಿ. 'ವಿತೂನ್ ತೋಮ್ ಯಮ್.' ಚೆನ್ನಾಗಿದೆ ಅಲ್ವಾ? ಕತೇನೂ ಇರತ್ತೆ, ತಾಯಿ ಪ್ರೀತಿ, ಜ್ವರ, ಎಲ್ಲಾ." ಮೊಬೈಲ್ ತೆಗೆದು ಆಗಲೇ ಅದನ್ನು ಬರೆದುಕೊಂಡಳು.

"ಬೇಡ. ನಾನು ಒಪ್ಪಿಗೆ ಕೊಟ್ಟಿಲ್ಲ."

ಅವಳು ಮೊಬೈಲನ್ನು ಮೇಜಿನ ಮೇಲೆ ಇಟ್ಟಳು. ಆಮೇಲೆ ಎದ್ದು ಹೋಗಿ ಒಂದು ಕಡತ ತಂದಳು. ತರಲು ಅವಳಿಗೆ ಇಷ್ಟವಿರಲಿಲ್ಲ, ಅದು ನನಗೆ ಕಾಣುತ್ತಿತ್ತು.

ಒಂದೇ ಹಾಳೆ. ಪುಸ್ತಕದಲ್ಲಿರುವ ಅಡುಗೆಗಳನ್ನು ಸಂಗ್ರಹಿಸಲು, ಪ್ರಕಟಿಸಲು, ಬೇಕಾದಂತೆ ತಿದ್ದಿಕೊಳ್ಳಲು ಒಪ್ಪಿಗೆ. ಕೆಳಗೆ ನನ್ನ ಪೂರ್ತಿ ಹೆಸರು, ನನ್ನ ಸಹಿ. ತಾರೀಕು ಪಠಣದ ನಾಲ್ಕನೇ ದಿನದ್ದು.

"ಆಗ ಈ ಮೇಳ ಎಲ್ಲಾ ನನ್ನ ತಲೇಲೇ ಇರ್ಲಿಲ್ಲ, ಆಣೆ. ಆಗ ಪುಸ್ತಕ ಅಚ್ಚು ಹಾಕೋರು ಕೇಳಿದ್ರು ಅಂತ, ಎಲ್ಲದಕ್ಕೂ ಆಗ್ಲಿ ಅಂತ ಒಂದೇ ಕಾಗದ ಮಾಡಿಸ್ದೆ. ನಿನಗೆ ಓದಿ ಹೇಳ್ದೆ ವಾನ್. ಮಂಟಪದ ಹಿಂದಿನ ಬೆಂಚಿನ ಮೇಲೆ. ನೀನು ತಲೆ ಆಡಿಸ್ದೆ."

ನೆನಪಿಲ್ಲ. ಬೆಂಚು ನೆನಪಿದೆ. ಅದರ ಮೇಲೆ ಯಾರೋ ಮರೆತು ಹೋದ ಮಗುವಿನ ಚಪ್ಪಲಿ ಇತ್ತು, ಹಳದಿಯದು. ಅದನ್ನೇ ನೋಡುತ್ತಿದ್ದೆ. ಅವಳು ಓದಿದ್ದಿರಬಹುದು, ಓದಿರದೆಯೂ ಇರಬಹುದು. ಸಹಿ ಮಾತ್ರ ನನ್ನದೇ. ಕೊನೆಯ ಅಕ್ಷರವನ್ನು ನಾನು ಎಳೆಯುವ ಹಾಗೆಯೇ ಎಳೆದಿತ್ತು.

"ಊಟ ಮುಗಿಸು" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ಅವಳು ಹಾಕಿದ ಮೊಟ್ಟೆಯನ್ನು ತಿಂದು ಎದ್ದೆ. ಏಕೆ ತಿಂದೆನೋ ಗೊತ್ತಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅತ್ತೆ ಹಿತ್ತಲಲ್ಲಿ ಮಜ್ಜಿಗೆ ಹುಲ್ಲಿನ ಬುಡಕ್ಕೆ ಮಣ್ಣು ಏರಿಸುತ್ತಿದ್ದರು.

"ಸಿಕ್ಕಿದ್ರಾ?"

"ಪಾರಿಚಾತ್ ಅಕ್ಕ."

ಅತ್ತೆ ತಲೆ ಎತ್ತಲಿಲ್ಲ. "ಏಳು ದಿನ ಇದ್ಲು. ನನ್ನ ಕಾಲು ಒತ್ತಿದ್ಲು" ಎಂದರು. ಇನ್ನೊಂದು ಬುಡಕ್ಕೆ ಮಣ್ಣು ಎಳೆದು, "ಹೋಗ್ಲಿ. ಹೊರಗಿನೋಳು" ಎಂದರು.

ಅಲ್ಲಿಗೇ ಬಿಡಬಹುದಿತ್ತು. ಅವರು ಮುಂದೆ ಏನೂ ಕೇಳುತ್ತಿರಲಿಲ್ಲ. ಹೊರಗಿನವಳು ಎಂಬ ಆ ಒಂದು ಮಾತಿನ ಆಚೆ ಅಕ್ಕ, ಈಚೆ ನಾವಿಬ್ಬರು.

"ಅವಳ ಹತ್ರ ಒಪ್ಪಿಗೆ ಪತ್ರ ಇದೆ ಅಮ್ಮ. ಸಹಿ ನನ್ನದು."

ಅವರ ಕೈ ನಿಂತಿತು.

"ನಕಲಿಯಾ?"

"ಅಲ್ಲ. ನಾನೇ ಹಾಕಿದ್ದು. ಓದಿರ್ಲಿಲ್ಲ."

ಅತ್ತೆ ನೆಟ್ಟಗೆ ನಿಂತರು. ಅಂಗೈಯ ಮಣ್ಣನ್ನು ಒಂದು ಕೈಯಿಂದ ಇನ್ನೊಂದಕ್ಕೆ ಉದುರಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಗುಳದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಒಮ್ಮೆ ತೂಕ ತಪ್ಪಿಸಿದ ಮೀನಿನವನನ್ನು ಸೇತುವೆಯ ತನಕ ಅಟ್ಟಿಸಿಕೊಂಡು ಹೋಗಿ ಬೈದಿದ್ದರು.

"ನನಗೆ ಓದೋಕೆ ಬರಲ್ಲ ಅಂತ ನಿನ್ನ ಕೈಗೆ ಕೊಟ್ಟೆ" ಎಂದರು. ಅಷ್ಟೇ ಅಂದದ್ದು. ಬಗ್ಗಿ ಮತ್ತೆ ಮಣ್ಣು ಏರಿಸಿದರು.

ಮುಂದಿನ ದಿನಗಳಲ್ಲಿ ಏನೂ ಬದಲಾಗಲಿಲ್ಲ. ಬೆಳಗ್ಗೆ ನನಗೆ ಬುತ್ತಿ ಕಟ್ಟಿದರು. ಸಮ್ಲಿ ಚಿಕ್ಕಮ್ಮ ಬಂದಾಗ ಹಾಲು ಹಾಕುವವರನ್ನು ಹೀಯಾಳಿಸಿದರು. ಆದರೆ ಅಡುಗೆ ಮಾಡುವಾಗ ನಾನು ಒಳಗೆ ಹೋದರೆ, ಮಾಡುತ್ತಿದ್ದುದನ್ನು ನಿಲ್ಲಿಸಿ ಲೋಟ ತೊಳೆಯುತ್ತಿದ್ದರು. ನಾನು ಹೊರಗೆ ಬಂದ ಮೇಲೆ ಕತ್ತಿಯ ಸದ್ದು ಮತ್ತೆ ಶುರುವಾಗುತ್ತಿತ್ತು. ಮೊದಲ ದಿನ ನನಗೆ ಅರ್ಥವಾಗಲಿಲ್ಲ. ಎರಡನೇ ದಿನ ಅರ್ಥವಾಯಿತು: ಅವನ ಬಟ್ಟಲಿಗೆ ಇನ್ನು ಏನು ಹಾಕುತ್ತಾರೆಂದು ನಾನು ನೋಡಬಾರದು. ಮತ್ತೆ ಹೋಗಲಿಲ್ಲ.

ಪುಣ್ಯದಿನದ ಹಿಂದಿನ ದಿನ ಹಿತ್ತಲಲ್ಲಿ ಕಬ್ಬು ಇರಲಿಲ್ಲ. ಬುಡ ಸಮೇತ ಕಿತ್ತು ಬೇಲಿಯ ಆಚೆ ಹಾಕಿದ್ದರು. ಪಕ್ಕದ ಮನೆಯ ಹಸು ಅದನ್ನು ಅಗಿಯುತ್ತಿತ್ತು.

ಪುಣ್ಯದಿನ ಬೆಳಗ್ಗೆ ಎದ್ದಾಗ ಅಡುಗೆಮನೆಯ ಬಾಗಿಲು ಹಾಕಿತ್ತು. ಆ ಬಾಗಿಲು ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ. ಅದಕ್ಕೆ ಬಾಗಿಲು ಇದೆಯೆಂದೇ ಮರೆತಿದ್ದೆ. ಒಳಗೆ ಇದ್ದಿಲು ಚಟಪಟ ಅನ್ನುತ್ತಿತ್ತು. ಮಜ್ಜಿಗೆ ಹುಲ್ಲಿನ ವಾಸನೆ, ಕಾಡುನಿಂಬೆಯ ಎಲೆಯ ವಾಸನೆ. ಆಮೇಲೆ ಇನ್ನೇನೋ ಒಂದು. ಸಿಹಿಯಲ್ಲ, ಸುಟ್ಟದ್ದೂ ಅಲ್ಲ. ಹೆಸರು ನೆನಪಾಗುವುದರೊಳಗೆ ಗಾಳಿ ತಿರುಗಿತು.

ಸಮ್ಲಿ ಚಿಕ್ಕಮ್ಮ ಹೂವು ಹಿಡಿದುಕೊಂಡು ಬಂದರು. "ಇದೇನು, ಅತ್ತೆ ಸೊಸೆ ನಡುವೆ ಬಾಗಿಲು ಬಂತು?" ಎಂದರು. ನಾನು ಹೂವು ಇಸಿದುಕೊಂಡೆ. ಅವರು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದರು, "ಅಕ್ಕಾ, ಬೀಗಾನೂ ಹಾಕ್ಕೋ, ಲೋಕದೋರು ಬಂದ್ಬಿಟ್ಟಾರು!"

ಒಳಗೆ ಸೌಟು ಪಾತ್ರೆಗೆ ತಗಲುವ ಸದ್ದಷ್ಟೇ ಕೇಳಿಸಿತು. ಸಮ್ಲಿ ಚಿಕ್ಕಮ್ಮ ನಗುವುದನ್ನು ನಿಲ್ಲಿಸಿದರು.

ಬಾಗಿಲು ತೆರೆದಾಗ ಅತ್ತೆಯ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು. ಮೂರು ಡಬ್ಬ, ಮುಚ್ಚಳದ ಮೇಲೆ ಬಿಳಿ ಬಟ್ಟೆಯ ಗಂಟು. ಹೋದ ವರ್ಷ ಅದನ್ನು ನಾನು ಹಿಡಿದಿದ್ದೆ. ಕೈ ಚಾಚಿದೆ. ಅವರು ಅಕ್ಕಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು.

ವಿಹಾರದಲ್ಲಿ ಅಂದು ನಮ್ಮ ಹಾಗೆ ಇನ್ನೂ ಐದು ಮನೆಯವರು ಇದ್ದರು. ಸಾಲಾಗಿ ಇಟ್ಟ ಬಟ್ಟಲುಗಳಲ್ಲಿ ಎರಡು ಕಡೆ ತೋಮ್ ಯಮ್ ಇತ್ತು. ಒಂದರಲ್ಲಿ ಕಬ್ಬಿನ ತುಂಡುಗಳು ತೇಲುತ್ತಿದ್ದವು, ಒಂದು ಕಡೆ ಮಾತ್ರ ಸಿಪ್ಪೆ ಹೆರೆದವು. ಅದನ್ನು ತಂದ ಹುಡುಗಿ ಹೊಸ ಮದುವೆಯವಳಿರಬೇಕು, ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಪದೇ ಪದೇ ಬಗ್ಗಿ ನೋಡುತ್ತಿದ್ದಳು. ಅತ್ತೆ ಅದನ್ನು ನೋಡಿದರು. ಹುಡುಗಿಯನ್ನೂ ನೋಡಿದರು. "ಚೆನ್ನಾಗಿದೆ ಮಗಳೇ" ಎಂದರು. ಅವಳು ಕೈ ಮುಗಿದಳು.

ಹಿರಿಯ ಭಿಕ್ಷುಗಳ ಮುಂದೆ ಅತ್ತೆ ಕ್ಯಾರಿಯರನ್ನು ತಾವೇ ಬಿಚ್ಚಿದರು, ನನಗೆ ಬೆನ್ನು ಮಾಡಿ. ಬಟ್ಟಲಿಗೆ ಸುರಿದದ್ದು ಕೇಳಿಸಿತು. ಹಿರಿಯ ಭಿಕ್ಷುಗಳು ಒಳಗೆ ನೋಡಿದರು. ಮುಗುಳ್ನಕ್ಕರೋ ಇಲ್ಲವೋ ನಾನು ಕೂತಲ್ಲಿಂದ ತಿಳಿಯಲಿಲ್ಲ. ಎದ್ದು ನೋಡಬಹುದಿತ್ತು. ನಾಲ್ಕು ಹೆಜ್ಜೆ ಅಷ್ಟೆ.

ಪಠಣ ಶುರುವಾಯಿತು. ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತು, ಸಣ್ಣ ಗಿಂಡಿಯಿಂದ ಬಟ್ಟಲಿಗೆ ನೀರು ಬಿಡತೊಡಗಿದರು. ನೀರು ಎಳೆ ಕಡಿಯದೆ ಬೀಳಬೇಕು, ಆ ಎಳೆ ಹಿಡಿದು ಪುಣ್ಯ ಸತ್ತವರ ಕಡೆ ಹೋಗುತ್ತದೆ. ಗಿಂಡಿ ಹಿಡಿದವರ ಮೊಣಕೈಯನ್ನು ಮನೆಯವರು ಮುಟ್ಟಿಕೊಂಡಿದ್ದರೆ ಅವರದೂ ಅದರ ಜೊತೆ ಹೋಗುತ್ತದೆ. ಹೋದ ವರ್ಷ, ನೂರನೇ ದಿನ, ದಹನದ ದಿನ, ಎಲ್ಲ ಸಲವೂ ನಾನು ಮುಟ್ಟಿಕೊಂಡಿದ್ದೆ. ಈ ಸಲವೂ ಕೈ ಮುಂದೆ ಮಾಡಿದೆ.

ಅತ್ತೆ ಗಿಂಡಿಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಎಡಗಡೆ ಕಂಬ ಇತ್ತು. ನೀರಿನ ಎಳೆ ಕಡಿಯಲಿಲ್ಲ. ಅಷ್ಟು ಜಾಗ್ರತೆಯಾಗಿ ಮಾಡಿದರು.

ನನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ.

ಎಲ್ಲ ಮುಗಿದ ಮೇಲೆ ಬಟ್ಟಲಿನ ನೀರನ್ನು ಅತ್ತೆ ಅಶ್ವತ್ಥದ ಬುಡಕ್ಕೆ ಹಾಕಿದರು. ನದಿಯ ಮೆಟ್ಟಿಲಿಗೆ ಇಳಿದು ಕ್ಯಾರಿಯರಿನ ಮೂರೂ ಡಬ್ಬಗಳನ್ನು ತಿಕ್ಕಿ ತೊಳೆದರು, ಮರಳು ಹಾಕಿ, ಎರಡು ಸಲ. ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದರು. ಒಂದರ ಮೇಲೊಂದು ಸೇರಿಸಿ, ಕೊಂಡಿ ಹಾಕಿ, ನನ್ನ ಕೈಗೆ ಕೊಟ್ಟರು.

"ಬಿಸಿಲು ಏರ್ತಿದೆ, ನಡಿ" ಎಂದರು.

ನಾನು ಅವರ ಹಿಂದೆ ನಡೆದೆ. ಕ್ಯಾರಿಯರ್ ಹಗುರವಾಗಿತ್ತು. ತಿರುವಿನಲ್ಲಿ ಅವರು ಮರೆಯಾದಾಗ ಮೇಲಿನ ಡಬ್ಬ ತೆರೆದು ಮೂಗಿನ ಹತ್ತಿರ ಹಿಡಿದೆ. ನದಿಯ ನೀರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.